ನಲವತ್ತು ಕಡ್ಡಿಗಳ ಭಾನುವಾರ

ಭಾನುವಾರಗಳಲ್ಲಿ ಚಿನ್ನದ ಗಣಿಯ ಸಂಗು ಕೂಗುತ್ತಿರಲಿಲ್ಲ. ಪಾಳಿ ಬದಲಾಗುವ ಹೊತ್ತನ್ನು ಸಾರುವ ಸೈರನ್ನಿಗೆ ನಮ್ಮ ಕಡೆ ಅದೇ ಹೆಸರು. ಕೂಗದಿದ್ದರೂ ಉರಿಗಾಮಿನ ಗಣಿಮನೆಗಳ ನಮ್ಮ ಸಾಲಿನವರೆಲ್ಲ ಅದು ಕೂಗಬೇಕಾಗಿದ್ದ ಹೊತ್ತಿಗೆ ಸರಿಯಾಗಿ ಎದ್ದು, ರಜೆಯ ದಿನವೂ ನಿದ್ದೆ ಹತ್ತದ ತಮ್ಮ ಹಣೆಬರಹವನ್ನು ಬೈದುಕೊಂಡು, ಬೇವಿನ ಕಡ್ಡಿ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಆ ದಿನ ನಾನೂ ಹಾಗೆಯೇ ಎದ್ದೆ. ಬಾಗಿಲಿಗೆ ನೀರು ಹಾಕಿ ರಂಗೋಲಿಯ ನಾಲ್ಕು ಎಳೆ ಎಳೆದೆ. ಒಲೆ ಹಚ್ಚಿ ಹಾಲಿಟ್ಟೆ. ನೆಲದಡಿ ಎಲ್ಲೋ ಭಾರಕ್ಕೆ ಬಂಡೆ ತಾನಾಗಿ ಸಿಡಿದು ಗೂಡಿನ ಲೋಟಗಳು ಒಂದಕ್ಕೊಂದು ತಾಕಿ ಕಿಣಿಕಿಣಿ ಎಂದವು. ಹಾಲಿನ ಪಾತ್ರೆಯನ್ನು ಅಂಚಿನಿಂದ ಒಂದು ಬೆರಳು ಒಳಕ್ಕೆ ಸರಿಸಿದೆ. ಬೇರೆ ಊರಿನವರು ಇದನ್ನು ಭೂಕಂಪ ಎನ್ನುತ್ತಾರಂತೆ. ನಮ್ಮಲ್ಲಿ ಹಾಲು ಚೆಲ್ಲಿದರೆ ಮಾತ್ರ ಅದು ಸುದ್ದಿ.

ವಾಡಿಕೆಗೆ ಸೇರದ್ದು ಆ ಬೆಳಿಗ್ಗೆ ಒಂದೇ ಇತ್ತು. ಅಡುಗೆಮನೆಯಿಂದ ನಡುಮನೆಗೆ ಹೋಗಬೇಕಾದರೆ ಒಂದು ಬೈಸಿಕಲ್ಲನ್ನು ಪ್ರದಕ್ಷಿಣೆ ಹಾಕಬೇಕಾಗಿತ್ತು. ಅದು ಸೀಟು ಕೆಳಗೆ, ಚಕ್ರ ಮೇಲೆ ಮಾಡಿಕೊಂಡು ನಿಂತಿತ್ತು. ಚಕ್ರ ಎಂದೆನಲ್ಲ, ಮುಂದಿನದು ಮಾತ್ರ. ಹಿಂದಿನದು ಇರಬೇಕಾದ ಕಡೆ ಗಾಳಿ ಆಡುತ್ತಿತ್ತು.

ಸ್ವದೇಶಕ್ಕೆ ಹೊರಟ ಒಬ್ಬ ದೊರೆಯ ಬಂಗಲೆಯಲ್ಲಿ ಸಾಮಾನುಗಳ ಹರಾಜಾದಾಗ ನಮ್ಮ ಮನೆಯವರು ಅದನ್ನು ಕೂಗಿ ತಂದಿದ್ದರು. ಯಾರ ಎತ್ತಿನ ಗಾಡಿಯೋ ಹತ್ತಿ ಅದರ ಹಿಂದಿನ ಚಕ್ರ ಹಪ್ಪಳವಾಗಿತ್ತು. "ಬಾಕಿಯೆಲ್ಲ ಹೊಸದು ಕಣೇ," ಎಂದು ಅವರು ಆ ವಾರದಲ್ಲಿ ನನಗೆ ಆರು ಸಲ ಹೇಳಿದ್ದರು. ಕಾಲಿಲ್ಲದ ಕುದುರೆಯೂ ಬಾಕಿಯೆಲ್ಲ ಕುದುರೆಯೇ ಅಲ್ಲವೇ ಎಂದು ನಾನು ಕೇಳಲಿಲ್ಲ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಹೆಣ್ಣುಮಕ್ಕಳ ದನಿ ಟೇಬಲ್ಲಿನ ಆಚೆ ಅಂಚನ್ನು ದಾಟಬಾರದು ಎಂದು ಮದರ್ ಕಲಿಸಿದ್ದರು. ಅದೊಂದು ವಿದ್ಯೆಯನ್ನು ನಾನು ಚೆನ್ನಾಗಿ ಕಲಿತಿದ್ದೆ. ಮದುವೆಯಾದ ಮೇಲೆ ಅದರಿಂದ ಎಲ್ಲರಿಗೂ ಅನುಕೂಲವಾಗಿತ್ತು.

ಹಾಗೆಂದು ಆ ಸೈಕಲ್ಲು ಬರೀ ಶೋಕಿಗೆ ಬಂದದ್ದಲ್ಲ. ನಮ್ಮವರು ಗಣಿಯೊಳಗಿನ ಗುಮಾಸ್ತರು. ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬುತ್ತಿ ಹಿಡಿದು, ಕೇಜೆಂಬ ಕಬ್ಬಿಣದ ಗೂಡಿನಲ್ಲಿ ಪಾತಾಳಕ್ಕೆ ಇಳಿದು, ಅಲ್ಲಿ ಒಂದು ಮೇಜಿನ ಮುಂದೆ ಕೂತು ಯಾರು ಬಂದರು ಯಾರು ಬರಲಿಲ್ಲ ಎಂದು ಬರೆಯುವ ಕೆಲಸ. ಯಮಧರ್ಮನ ಮನೆಯಲ್ಲಿ ಇನ್ನೊಬ್ಬರು ಇಂಥದೇ ಲೆಕ್ಕ ಬರೆಯುತ್ತಾರೆ, ಆದರೆ ಅವರಿಗೆ ಕೆಮ್ಮು ಬರುತ್ತದೆಂದು ಎಲ್ಲೂ ಹೇಳಿಲ್ಲ. ನಮ್ಮವರಿಗೆ ಮೂರು ತಿಂಗಳಿಂದ ಬರುತ್ತಿತ್ತು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಮೇಲೆ ಎಲ್ಲಾದರೂ ಕೆಲಸ ಸಿಕ್ಕಿದರೆ ನೋಡಿ," ಎಂದಿದ್ದರು; ಬಿಡುವಾದರೆ ಊಟಿಗೆ ಹೋಗಿಬನ್ನಿ ಎಂಬಂತೆ.

ಮೇಲಿನ ಕೆಲಸ ಒಂದು ಇತ್ತು. ಬಂಗಾರಪೇಟೆಯ ಗೂಡ್ಸ್ ಶೆಡ್ಡಿಗೂ ಗಣಿಯ ಉಗ್ರಾಣಕ್ಕೂ ನಡುವೆ ಕಾಗದಪತ್ರ ಹೊತ್ತು ಓಡಾಡುವ ಗುಮಾಸ್ತಿಕೆ. ರೈಲಿನ ಹೊತ್ತಿಗೂ ಸಾಮಾನು ಇಳಿಯುವ ಹೊತ್ತಿಗೂ ತಾಳೆ ಇರುತ್ತಿರಲಿಲ್ಲವಾದ್ದರಿಂದ ಗುಮಾಸ್ತನಿಗೆ ಸ್ವಂತ ಸೈಕಲ್ಲು ಇರಬೇಕೆಂದು ಉಗ್ರಾಣದ ದೊರೆಯ ಕಟ್ಟಪ್ಪಣೆ. ಕ್ಯಾಸಂಬಳ್ಳಿ ಕಡೆಯ ಇನ್ನೊಬ್ಬನೂ ಕೇಳಿದ್ದ, ಅವನ ಹತ್ತಿರ ಓಡುವ ಸೈಕಲ್ಲೂ ಇತ್ತು. "ನನ್ನದು ಮೂರು ಗೇರಿನದು, ಸಾರ್," ಎಂದು ನಮ್ಮವರು ಹೇಳಿ ಬಂದಿದ್ದರು. ಹಿಂದಿನ ಚಕ್ರವಿಲ್ಲ ಎಂಬ ಸಣ್ಣ ವಿವರವನ್ನು ದೊರೆಗೆ ತಿಳಿಸಿ ಬೇಸರಪಡಿಸಿರಲಿಲ್ಲ. ಸೋಮವಾರ ಏಳು ಗಂಟೆಗೆ ಉಗ್ರಾಣದ ಗೇಟಿನಲ್ಲಿ ಸೈಕಲ್ಲಿನೊಂದಿಗೆ ನಿಲ್ಲಬೇಕು. ನಿಲ್ಲದಿದ್ದರೆ ಕೆಲಸ ಅವನಿಗೆ, ನಮ್ಮವರು ಮತ್ತೆ ಕೇಜಿಗೆ. ಇಷ್ಟು ವಿಷಯ. ಅದಕ್ಕೇ ನಾನು ಆ ಸೈಕಲ್ಲನ್ನು ಸುತ್ತಿ ಓಡಾಡಿದೆನೇ ಹೊರತು ಒಂದು ಮಾತೂ ಆಡಲಿಲ್ಲ.

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು. ನನಗಿಂತ ಹತ್ತು ವರ್ಷ ಹಿರಿಯಳು, ನಮ್ಮ ಸಾಲಿನಲ್ಲಿ ಅವಳ ಕಣ್ಣು ತಪ್ಪಿಸಿ ಒಂದು ಒಗ್ಗರಣೆಯೂ ಸಿಡಿಯುತ್ತಿರಲಿಲ್ಲ.

"ಏನಮ್ಮಾ, ಸೈಕಲ್ಲು ಕಾಲು ಮ್ಯಾಕೆ ಮಾಡ್ಕೊಂಡು ಮಲಗೈತೆ? ಜೀವ ಇದೆಯಾ, ಓಯ್ತಾ?"

"ಇದೆ ಅಕ್ಕಾ. ಇವತ್ತು ರಿಪೇರಿ."

"ಯಾರು ಮಾಡೋದು? ನಿಮ್ಮೆಜಮಾನ್ರಾ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ, "ಅಯ್ಯೋ ಪಾಪ," ಎಂದು ಒಳಗೆ ಹೋದಳು. ಪಾಪ ಯಾರು, ಅವರೋ ಸೈಕಲ್ಲೋ ಎಂದು ಹೇಳಲಿಲ್ಲ.

ರಿಪೇರಿಗೆ ಮುಖ್ಯ ಆಚಾರ್ಯರು ನಮ್ಮವರ ಅಕ್ಕನ ಗಂಡ. ಅವರಿಗೆ ಭಾವ, ನನಗೆ ಅಣ್ಣ. ನಂದಿದುರ್ಗ ಗಣಿಯಲ್ಲಿ ಕೇಜನ್ನು ಎತ್ತಿ ಇಳಿಸುವ ದೊಡ್ಡ ಎಂಜಿನ್ನಿನ ಫಿಟ್ಟರು. ಸಾವಿರ ಜನರ ಪ್ರಾಣ ತಮ್ಮ ಒಂದು ಸ್ಪ್ಯಾನರಿನ ತುದಿಯಲ್ಲಿದೆ ಎಂಬುದು ಅವರ ನಂಬಿಕೆ, ನಿಜವೂ ಇರಬಹುದು. ಎಲೆಯಡಿಕೆ ಜಗಿಯುತ್ತ, ಗೋಣಿಚೀಲದಲ್ಲಿ ಸಾಮಾನು ಹೊತ್ತುಕೊಂಡು ಬಂದರು.

"ಏನ್ಲಾ ಬಾಮೈದ, ಇನ್ನೂ ಸುರು ಮಾಡಿಲ್ವಾ? ನಾನ್ ಬರ್ಲಿ ಅಂತ ಕಾಯ್ತಾ ಕುಂತಿದ್ಯಾ?"

"ನೀವಿಲ್ದೆ ಹೇಗೆ ಭಾವ."

"ಅದೂ ಸರಿ ಬಿಡು."

ಚಾಪೆ ಹಾಸಿದೆ. ಹಳೆಯ ಚಕ್ರದಿಂದ ಬಿಡಿಸಿದ ಹಬ್ಬು, ಅಂದರೆ ಚಕ್ರದ ನಡುಗುಂಬ, ಮಧ್ಯದಲ್ಲಿ ಬಂತು. ಮಾಮೂಲಿ ಸೈಕಲ್ಲಿನ ಹಬ್ಬು ಲಟ್ಟಣಿಗೆಯಷ್ಟು ಸಣ್ಣಗಿರುತ್ತದೆ. ಇದಕ್ಕೆ ಹೊಟ್ಟೆ ಬಂದಿತ್ತು. ಆ ಹೊಟ್ಟೆಯೊಳಗೇ ಗೇರುಗಳು: ಏರಿಗೆ ಒಂದು, ಸಮನೆಲಕ್ಕೆ ಒಂದು, ಇಳಿಜಾರಿಗೆ ಒಂದು. ಪಕ್ಕದ ತೂತಿನಿಂದ ತಾಳಿಯ ಸರದ ತುಂಡಿನಂಥ ಪುಟ್ಟ ಸರಪಳಿ ಹೊರಗೆ ಇಣುಕುತ್ತಿತ್ತು. ಅದನ್ನು ಎಳೆದರೆ ಗೇರು ಬದಲಾಗುವುದಂತೆ. ಬೆನ್ನಿನ ಮೇಲೆ ಎಣ್ಣೆ ಬಿಡಲು ಒಂದು ಮುಚ್ಚಳ, ಬಟಾಣಿ ಕಾಳಿನಷ್ಟು. ಅದರ ಪಕ್ಕಕ್ಕೆ ಹಳೆಯ ಕಡ್ಡಿಗಳ ಕಟ್ಟು. ಗಾಡಿ ಹತ್ತಿದಾಗ ಸುತ್ತಿನ ಬಳೆ ಸೊಟ್ಟಗಾದರೂ ಕಡ್ಡಿಗಳು ದೈವಯೋಗದಿಂದ ಉಳಿದಿದ್ದವು.

ದೈವಯೋಗ ಎಂದೆ. ನನ್ನ ಯೋಗ ಬೇರೆ. ಶನಿವಾರ ಅವುಗಳಿಗೆ ಮಸಿ ಹಿಡಿದದ್ದು ಕಂಡು, ಸಹಾಯ ಮಾಡೋಣವೆಂದು, ಹುಣಸೆಹಣ್ಣು ಬೂದಿ ಹಾಕಿ ಒಂದೊಂದನ್ನೂ ದೇವರ ಪಾತ್ರೆಯಂತೆ ತಿಕ್ಕಿ ತೊಳೆದಿಟ್ಟಿದ್ದೆ. ರಾತ್ರಿ ಬೆಳ್ಳಿಯಂತೆ ಹೊಳೆದವು. ಬೆಳಿಗ್ಗೆ ನಲವತ್ತೂ ತುಕ್ಕು ಹಿಡಿದು ಕೆಂಪಗೆ, ಒಣಮೆಣಸಿನಕಾಯಿಯ ಕಟ್ಟಿನ ಹಾಗೆ ಬಿದ್ದಿದ್ದವು. ನಮ್ಮವರು ನೋಡಿದರು, ನನ್ನನ್ನೂ ನೋಡಿದರು. "ಪರವಾಗಿಲ್ಲ, ಎಣ್ಣೆ ಬಟ್ಟೇಲಿ ಒರೆಸಿದ್ರೆ ಹೋಗುತ್ತೆ," ಎಂದು ತಾವೇ ಒರೆಸಲು ಕೂತರು. ಬೈದಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಹೊಸ ಬಳೆ, ಅಂದರೆ ರಿಮ್ಮು, ಹಿಂದಿನ ದಿನವೇ ಬಂಗಾರಪೇಟೆಯಿಂದ ಬಂದಿತ್ತು. ಅದನ್ನು ಗೋಡೆಗೆ ಒರಗಿಸಿ ಗಂಡಸರಿಬ್ಬರೂ ಮೆಚ್ಚಿಕೊಳ್ಳುತ್ತಿದ್ದರು. ನಾನು ಎದುರಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಕೈ ಕಾಯಿ ಬಿಡಿಸುವಾಗ ಕಣ್ಣಿಗೆ ಕೆಲಸವಿರುವುದಿಲ್ಲ. ರಿಮ್ಮಿನ ತೂತು ಎಣಿಸಿದೆ. ಮೂವತ್ತೆರಡು. ತಪ್ಪಿರಬೇಕೆಂದು ಮತ್ತೆ ಎಣಿಸಿದೆ. ಹಬ್ಬಿನ ತೂತು ಎಣಿಸಿದೆ, ಈ ಬದಿಗೆ ಇಪ್ಪತ್ತು, ಆ ಬದಿಗೆ ಇಪ್ಪತ್ತು.

"ರೀ," ಎಂದೆ. "ಕಡ್ಡಿ ನಲವತ್ತು. ರಿಮ್ಮಿಗೆ ಮೂವತ್ತೆರಡೇ ತೂತು."

ಇಬ್ಬರೂ ಎಣಿಸಿದರು. ಭಾನುವಾರದ ಬೆಳಿಗ್ಗೆ ಒಂದು ಮನೆಯಲ್ಲಿ ಇಷ್ಟು ಜನ ಇಷ್ಟು ಶ್ರದ್ಧೆಯಿಂದ ಜಪ ಮಾಡಿದ್ದನ್ನು ನಾನು ಕಂಡಿರಲಿಲ್ಲ.

"ಎಂಟು ಕಡ್ಡಿ ಬಿಟ್ಬಿಡಾಣ," ಎಂದರು ಫಿಟ್ಟರಣ್ಣ. "ಸೈಕಲ್ಲು ಹಗುರಾಯ್ತದೆ."

"ರಿಮ್ಮು ಅಂದ್ರೆ ರಿಮ್ಮೇ ಅಂದ್ಕೊಂಡೆ," ಎಂದರು ನಮ್ಮವರು, ಮೆಲ್ಲಗೆ.

ಇಂಗ್ಲಿಷರ ಸೀಮೆಯಿಂದ ಬರುವ ಸೈಕಲ್ಲುಗಳಲ್ಲಿ ಮುಂದಿನ ಚಕ್ರಕ್ಕೆ ಮೂವತ್ತೆರಡು ಕಡ್ಡಿ, ಹಿಂದಿನದಕ್ಕೆ ನಲವತ್ತು. ಕೂತವನ ಭಾರವೆಲ್ಲ ಹಿಂದಕ್ಕೆ ಬೀಳುವುದರಿಂದ ಹಾಗೆ. ಇದು ತಿಳಿಯಲು ಶಾಸ್ತ್ರ ಓದಬೇಕಿರಲಿಲ್ಲ. ಮೂವತ್ತೆರಡು ಕಡ್ಡಿಯ ಮುಂದಿನ ಚಕ್ರ ಒಂದು ವಾರದಿಂದ ನಮ್ಮ ನಡುಮನೆಯಲ್ಲೇ ಇತ್ತು. ಅದಕ್ಕೆ ನಾನು ದಿನಕ್ಕೆ ಹತ್ತು ಸಲ ಸೆರಗು ಸಿಕ್ಕಿಸಿಕೊಂಡಿದ್ದೆ. ನಾನೂ ಎಣಿಸಿರಲಿಲ್ಲ.

ನಮ್ಮವರು ಅಂಗಿ ಸಿಕ್ಕಿಸಿಕೊಂಡು, ರಿಮ್ಮನ್ನು ಹೆಗಲಿಗೆ ಹಾಕಿಕೊಂಡು, ಬಂಗಾರಪೇಟೆಯ ರೈಲಿಗೆ ಓಡಿದರು. ಓಡಿದ್ದಕ್ಕೆ ಕೆಮ್ಮು ಬಂತು. ಸಾಲಿನ ತಿರುವಿನವರೆಗೂ ಕೇಳಿಸಿತು.

ಅವರು ಹಿಂದಿರುಗುವ ತನಕ ಫಿಟ್ಟರಣ್ಣ ಸುಮ್ಮನೆ ಕೂರಬಹುದಿತ್ತು. ಆದರೆ ಸ್ಪ್ಯಾನರು ಹಿಡಿದ ಕೈ ಎಲ್ಲಿ ಸುಮ್ಮನಿದ್ದೀತು! "ಅವ್ನು ಬರೋದ್ರೊಳ್ಗೆ ಇದ್ರ ಹೊಟ್ಟೆ ಕ್ಲೀನ್ ಮಾಡ್ಬಿಡ್ತೀನಿ," ಎಂದು ಹಬ್ಬನ್ನು ಬಿಚ್ಚಿದರು. ನಾನು ಹಳೆಯದೊಂದು ಬಿಳಿಯ ಮೇಜುವಸ್ತ್ರ ಹಾಸಿ, ಬಂದಂತೆ ಬಂದಂತೆ ಒಂದೊಂದನ್ನೂ ಸಾಲಾಗಿ ಇಟ್ಟೆ, ಮತ್ತೆ ಹಾಕುವಾಗ ಹಿಂದಿನಿಂದ ಶುರು ಮಾಡಿದರಾಯಿತು ಎಂದು. ಒಳಗಿನ ಕುಸುರಿ ನೋಡಲು ಇನ್ನಷ್ಟು ಬಗ್ಗಿದೆ. ಹಲ್ಲುಗಳುಳ್ಳ ಒಂದು ಗಾಲಿಯ ಸುತ್ತ ನಾಲ್ಕು ಮರಿ ಗಾಲಿಗಳು, ಅವುಗಳ ಸುತ್ತ ಹಲ್ಲುಗಳುಳ್ಳ ಒಂದು ಬಳೆ. ಹೆಬ್ಬೆರಳಿನ ಉಗುರಿನಷ್ಟು ಚಿಕ್ಕ ಕೊಕ್ಕೆಗಳು, ಅವನ್ನು ಎಬ್ಬಿಸಿ ನಿಲ್ಲಿಸಲು ಕೂದಲೆಳೆಯಂಥ ಸ್ಪ್ರಿಂಗು. ಆ ಕೊಕ್ಕೆ ಎದ್ದು ಕಚ್ಚಿಕೊಂಡರೇನೇ ಪೆಡಲಿನ ತಿರುಗು ಚಕ್ರಕ್ಕೆ ಹೋಗುವುದು.

ಸೈಕಲ್ಲಿನ ಜೊತೆ ದೊರೆಯ ಚೀಲದಲ್ಲಿ ಇಂಗ್ಲಿಷಿನ ಒಂದು ಸಣ್ಣ ಪುಸ್ತಕವೂ ಬಂದಿತ್ತು. ಬೆಳ್ಳಿಹುಳು ತಿಂದು ಉಳಿದದ್ದನ್ನು ನಾನು ಶನಿವಾರ ಓದಿದ್ದೆ. ಈಗ ಫಿಟ್ಟರಣ್ಣ ಗೋಣಿಚೀಲದಿಂದ ಒಂದು ಡಬ್ಬಿ ತೆಗೆದರು. ಕೇಜಿನ ಉಕ್ಕಿನ ಹಗ್ಗಕ್ಕೆ ಬಳಿಯುವ ಗ್ರೀಸು. ಕಪ್ಪಗೆ, ಹಲಸಿನ ಅಂಟಿನ ಹಾಗೆ. ಗಣಿಯ ಫಿಟ್ಟರುಗಳಿಗೆ ಅದು ಸಂಜೀವಿನಿ. ಬಾಗಿಲು ಕಿರುಗುಟ್ಟಿದರೆ ಅದು, ಬಾವಿಯ ರಾಟೆಗೆ ಅದು. ಅವರ ಮನೆಯ ಎತ್ತಿನ ಹೆಗಲ ಹುಣ್ಣಿಗೂ ಒಮ್ಮೆ ಅದನ್ನೇ ಬಳಿದಿದ್ದರು. ಎತ್ತು ಬದುಕಿತು, ಗ್ರೀಸಿನ ಕೀರ್ತಿ ಬೆಳೆಯಿತು.

"ಅಣ್ಣಾ," ಎಂದೆ. "ಪುಸ್ತಕದಲ್ಲಿ ಬರೀ ತೆಳು ಎಣ್ಣೆ ಹಾಕಬೇಕು, ಗ್ರೀಸು ಹಾಕಲೇಬಾರದು ಅಂತ ಬರೆದಿದೆ."

"ಆ?"

"ತೆಳು ಎಣ್ಣೆ..."

"ಪುಸ್ತಕ ಬರ್ದೋನು ಯಾವತ್ತಾದ್ರೂ ನಂದಿದುರ್ಗದ ಗಣಿ ಇಳ್ದವ್ನಾ?"

ಇಳಿದಿರಲಾರನೆಂದು ನಾನು ಒಪ್ಪಿಕೊಳ್ಳಬೇಕಾಯಿತು.

"ಮತ್ತೆ! ಇಷ್ಟ್ ದೊಡ್ಡ ಎಂಜಿನ್ನೇ ಈ ಗ್ರೀಸಲ್ಲಿ ಓಡ್ತದೆ. ಈ ಗೋಲಿ ಗಾತ್ರದ್ದು ಓಡಾಕಿಲ್ವಾ? ನೀನು ಓಗಮ್ಮಾ, ಸಾರಿಗೆ ಉಪ್ಪು ಆಕಿದ್ಯೋ ಇಲ್ವೋ ನೋಡು."

ಉಪ್ಪು ಹಾಕಿದ್ದೆ. ಆದರೂ ಹೋದೆ. ಮನೆಗೆ ಬಂದ ಹಿರಿಯರು, ಬಿಡುವಿನ ದಿನ ನಮಗಾಗಿ ಬೆವರು ಸುರಿಸುತ್ತಿದ್ದಾರೆ, ಎದುರು ಮಾತಾಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅಡುಗೆಮನೆಯಿಂದ ನೋಡಿದೆ, ಬೆರಳಲ್ಲಿ ತೋಡಿ ತೋಡಿ, ಕಡುಬಿಗೆ ಹೂರಣ ತುಂಬುವಂತೆ, ಕೊಕ್ಕೆ ಸ್ಪ್ರಿಂಗುಗಳ ಮೇಲೆಲ್ಲ ಒತ್ತಿ ಒತ್ತಿ ತುಂಬಿದರು. ಹೊರಗೆ ಮಿಕ್ಕದ್ದನ್ನು ನನ್ನ ಬಿಳಿಯ ಮೇಜುವಸ್ತ್ರದಲ್ಲಿ ಒರೆಸಿದರು.

ನಮ್ಮವರು ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹೆಗಲ ಮೇಲೆ ನಲವತ್ತು ತೂತಿನ ರಿಮ್ಮು.

"ಅಂಗಡಿಯವನು ಏನಂದ?" ಎಂದು ಕೇಳಿದೆ.

"ಯಾವ ಚಕ್ರಕ್ಕೆ ಅಂತ ನೀವು ಏಳ್ಲಿಲ್ಲ, ನಾನು ಕೇಳ್ಲಿಲ್ಲ, ಇಬ್ರದೂ ಸರಿಓಯ್ತು ಬಿಡಿ ಸಾಮಿ, ಅಂದ."

ಊಟ ಆಮೇಲೆ ಎಂದರು. ಹಬ್ಬು ಆಗಲೇ ಮುಚ್ಚಿ ಫಳಫಳ ಹೊಳೆಯುತ್ತಿರುವುದನ್ನು ಕಂಡು ಅವರ ಮುಖ ಅರಳಿತು. "ಭಾವ, ನೀವಿಲ್ದಿದ್ರೆ ನಾನು ಕೆಟ್ಟೆ," ಎಂದರು. ನಾನು ಗ್ರೀಸು ಮೆತ್ತಿದ ಮೇಜುವಸ್ತ್ರವನ್ನು ಮಡಿಸಿ ಒಳಗೆ ಒಯ್ದೆ.

ಕಡ್ಡಿ ಹೆಣೆಯುವ ಕೆಲಸವನ್ನು ಅವರೇ ಮಾಡಿದರು. ಗಂಡನನ್ನು ಹೊಗಳುವುದು ನಮ್ಮ ಕಾಲದ ರೂಢಿಯಲ್ಲ, ಆದರೂ ಹೇಳುತ್ತೇನೆ, ಅದೊಂದು ನೋಡುವಂಥ ಕೆಲಸವಾಗಿತ್ತು. ಹಬ್ಬಿನ ಒಂದು ಬದಿಯ ತೂತುಗಳಿಗೆ ಒಂದು ಬಿಟ್ಟು ಒಂದರಂತೆ ಹತ್ತು ಕಡ್ಡಿ. ಪ್ರತಿ ಕಡ್ಡಿಯ ಇನ್ನೊಂದು ತುದಿ ರಿಮ್ಮಿನಲ್ಲಿ ನಾಲ್ಕು ತೂತಿಗೊಂದರಂತೆ. ತುದಿಗೆ ಹಿತ್ತಾಳೆಯ ಪುಟ್ಟ ತಿರುಪು, ಎರಡೇ ಸುತ್ತು, ಬಿಗಿ ಮಾಡುವ ಹಾಗಿಲ್ಲ. ಆಮೇಲೆ ಇನ್ನೊಂದು ಬದಿಗೆ ಹತ್ತು. ಆಮೇಲೆ ಹಬ್ಬನ್ನು ಒಂದಿಷ್ಟು ತಿರುಚಿ, ಉಳಿದ ಕಡ್ಡಿಗಳು ಎದುರು ದಿಕ್ಕಿಗೆ, ಮೊದಲನೆಯದರ ಮೇಲೆ, ಎರಡನೆಯದರ ಮೇಲೆ, ಮೂರನೆಯದರ ಕೆಳಗೆ. ಕಾನ್ವೆಂಟಿನಲ್ಲಿ ನಾವು ದಿಂಬಿನ ಮೇಲೆ ಲೇಸು ಹೆಣೆಯುತ್ತಿದ್ದದ್ದೂ ಹೀಗೆಯೇ. ನಲವತ್ತು ಕಡ್ಡಿಯಲ್ಲಿ ಒಂದು ತಪ್ಪಿದರೂ ಬಿಚ್ಚಿ ಮೊದಲಿನಿಂದ. ನಮ್ಮವರು ಎರಡು ಸಲ ಬಿಚ್ಚಿದರು. ಕೆಮ್ಮು ಬಂದಾಗ ಚಕ್ರವನ್ನು ಮೆಲ್ಲಗೆ ಕೆಳಗಿಟ್ಟು, ಆಚೆ ಹೋಗಿ ಕೆಮ್ಮಿ, ಬಂದು ಮತ್ತೆ ಎತ್ತಿಕೊಳ್ಳುತ್ತಿದ್ದರು, ಮಗುವಿಗೆ ತಾಕಬಾರದು ಎಂಬಂತೆ.

ಫಿಟ್ಟರಣ್ಣ ಪಕ್ಕದಲ್ಲಿ ಕೂತು ಧೈರ್ಯ ತುಂಬಿದರು. "ಏ, ಇನ್ನೂ ಇಪ್ಪತ್ತು ಕಡ್ಡೀನಾ? ನಾನಾಗಿದ್ರೆ ಇಷ್ಟೊತ್ತಿಗೆ ಎರಡು ಚಕ್ರ ಕಟ್ತಿದ್ದೆ." ಆದರೆ ಅವರೇಕೆ ಕಟ್ಟಲಿಲ್ಲವೋ. ಎಲೆಗೆ ಸುಣ್ಣ ಬಳಿಯುವುದರಲ್ಲಿ ಕೈ ಬಿಡುವಾಗಿರಲಿಲ್ಲ.

ಹೆಣಿಗೆ ಮುಗಿದ ಮೇಲೆ ಬೆಂಡು ತೆಗೆಯುವ ಕೆಲಸ. ಚಕ್ರವನ್ನು ತಲೆಕೆಳಗಾದ ಸೈಕಲ್ಲಿಗೆ ಸಿಕ್ಕಿಸಿ, ಅದರ ಅಂಚಿಗೆ ಸೀಮೆಸುಣ್ಣದ ತುಂಡು ಹಿಡಿದು ತಿರುಗಿಸುವುದು. ಬೆಂಡಾದ ಕಡೆ ಬಿಳಿ ಗೀರು ಬೀಳುತ್ತದೆ, ಅಲ್ಲಿ ಈ ಬದಿಯ ಕಡ್ಡಿ ಕಾಲು ಸುತ್ತು ಬಿಗಿ, ಆ ಬದಿಯದು ಕಾಲು ಸುತ್ತು ಸಡಿಲ. ಗೀರು ಬಿದ್ದದ್ದು ಒರೆಸು, ಮತ್ತೆ ತಿರುಗಿಸು. ಸೀಮೆಸುಣ್ಣ ಹಿಡಿಯುವ ಕೆಲಸ ನನ್ನದಾಯಿತು. ಮೂರು ಗಂಟೆಯ ಹೊತ್ತಿಗೆ ಚಕ್ರ ಸುಣ್ಣವನ್ನು ಮುಟ್ಟಿಯೂ ಮುಟ್ಟದಂತೆ, ಒಂದೇ ತೆಳು ಗೆರೆ ಬರೆಯುತ್ತ ತಿರುಗಿತು. ನಾವು ಮೂವರೂ ಅದನ್ನೇ ನೋಡುತ್ತ ನಿಂತೆವು. ಅಂಥ ಸುಂದರವಾದ ಚಕ್ರ ಬಂಗಾರಪೇಟೆಯ ರಸ್ತೆಯಲ್ಲಿ ಅಲ್ಲಿಯವರೆಗೆ ಓಡಿರಲಾರದು.

ಮುಂದೆಯೂ ಓಡುವುದಿಲ್ಲವೆಂದು ಮುಂದಿನ ನಿಮಿಷ ತಿಳಿಯಿತು. ಚೈನು ಏರಿಸಿ, ಗೇರಿನ ತಂತಿ ಕಟ್ಟಿ, ಫಿಟ್ಟರಣ್ಣ ಕೈಯಲ್ಲಿ ಪೆಡಲು ತಿರುಗಿಸಿದರು. ಪೆಡಲು ತಿರುಗಿತು. ಚೈನು ತಿರುಗಿತು. ಚಕ್ರ ಸುಮ್ಮನಿತ್ತು. ಗೇರು ಬದಲಿಸಿದರು. ನಡುವಿನ ಗೇರಿನಲ್ಲಿ ಒಮ್ಮೆ ಮೈ ಮುರಿದಂತೆ ಅಲುಗಾಡಿ ಮತ್ತೆ ನಿಂತಿತು. ಜೋರಾಗಿ ತಿರುಗಿಸಿದರು. ಪೆಡಲು ಗಿರಗಿರನೆ ಸುತ್ತಿತು. ಚಕ್ರ, ಅತ್ತೆಯ ಮಾತಿಗೆ ಸೊಸೆ ಕೂತಂತೆ, ಕೂತೇ ಇತ್ತು.

ಫಿಟ್ಟರಣ್ಣ ಕಿವಿ ಹತ್ತಿರ ಇಟ್ಟು ಕೇಳಿದರು. ನಾಡಿ ನೋಡುವ ಪಂಡಿತರಂತೆ ತಲೆಯಾಡಿಸಿದರು.

"ಒಳ್ಗಡೆ ಹಲ್ಲೆಲ್ಲ ಸವ್ದೋಗೈತೆ ಕಣ್ಲಾ. ದೊರೆ ನಿನ್ ತಲೆಗೆ ಕಟ್ಟವ್ನೆ. ಇದು ಓಡಾಕಿಲ್ಲ."

"ಬಿಚ್ಚಿದಾಗ ಸವೆದಿದ್ದು ಕಾಣಲಿಲ್ವಾ ಭಾವ?"

"ಕಣ್ಣಿಗೆ ಕಾಣೋ ಸವೆತ ಅಲ್ಲ ಅದು." ಅಷ್ಟು ಹೇಳಿ ಕೈ ತೊಳೆದು, ಊಟಕ್ಕೆ ಕೂತು, ಮೂರು ಮುದ್ದೆ ಮುಗಿಸಿ, ಅವರೆಕಾಳಿನ ಸಾರನ್ನು ಹೊಗಳಿ, ನಡುಮನೆಯ ಮೂಲೆಯಲ್ಲಿ ಮಲಗಿ ಗೊರಕೆ ಹೊಡೆದರು. ಆ ಗೊರಕೆಗೆ ಮಾತ್ರ ಮೂರೂ ಗೇರು ಚೆನ್ನಾಗಿ ಬೀಳುತ್ತಿದ್ದವು.

ನಮ್ಮವರು ಊಟ ಮಾಡಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಮಜ್ಜಿಗೆ ತೆಗೆದುಕೊಂಡು ಹೋದೆ.

"ನಾಳೆ ಕೇಜಿಗೇ ಹೋಗ್ತೀನಿ ಬಿಡು," ಎಂದರು. "ಏನೀಗ? ಇಷ್ಟು ದಿನ ಹೋಗ್ಲಿಲ್ವಾ. ಬುತ್ತಿಗೆ ಅವರೆಕಾಳು ಉಳಿಸಿಡು." ಆಮೇಲೆ ಕೆಮ್ಮಿದರು. ಕೆಮ್ಮಿ, ಕರವಸ್ತ್ರವನ್ನು ನನಗೆ ಕಾಣದಂತೆ ಮಡಿಸಿ ಜೇಬಿಗಿಟ್ಟರು. ಹದಿನಾರು ವರ್ಷ ಬಟ್ಟೆ ಒಗೆದವಳಿಂದ ಕರವಸ್ತ್ರ ಬಚ್ಚಿಡುವ ಗಂಡಸು!

ನನಗೆ ಮೈ ಉರಿದದ್ದು ಫಿಟ್ಟರಣ್ಣನ ಮೇಲಲ್ಲ. ಅವರು ತಮಗೆ ಗೊತ್ತಿದ್ದನ್ನು ಮಾಡಿದ್ದರು. ನನಗೆ ಗೊತ್ತಿದ್ದುದನ್ನು ನಾನು ಮಾಡಿರಲಿಲ್ಲ.

"ರೀ, ಹಲ್ಲು ಸವೆದಿಲ್ಲ," ಎಂದೆ. "ಅಣ್ಣ ಅದರ ತುಂಬ ಕೇಜಿನ ಗ್ರೀಸು ತುಂಬಿದ್ದಾರೆ. ಈ ಚಳಿಗೆ ಅದು ಗಟ್ಟಿಯಾಗಿ ಆ ಕೊಕ್ಕೆಗಳು ಅಂಟಿಕೊಂಡಿವೆ. ಸ್ಪ್ರಿಂಗು ಕೂದಲೆಳೆಯಷ್ಟು. ಅದಕ್ಕೆಲ್ಲಿ ಎಬ್ಬಿಸೋ ಶಕ್ತಿ? ಪುಸ್ತಕದಲ್ಲಿ ಗ್ರೀಸು ಬೇಡ ಅಂತ ಬರೆದಿದೆ."

ಅವರು ನನ್ನ ಕಡೆ ತಿರುಗಿದರು. "ಆಗಲೇ ಯಾಕೆ ಹೇಳ್ಲಿಲ್ಲ?"

"ಹೇಳಿದೆ."

"ಭಾವನಿಗೆ ಕೇಳಿಸ್ತಾ?"

"ಅರ್ಧ ಕೇಳಿಸಿತು."

"ನನಗೆ?"

"ನಿಮಗೆ ಹೇಳಲಿಲ್ಲ. ನೀವು ಅಷ್ಟು ಖುಷಿಯಾಗಿದ್ರಿ."

ಅವರು ಮಜ್ಜಿಗೆಯನ್ನು ಒಂದೇ ಸಲಕ್ಕೆ ಕುಡಿದು ಲೋಟ ಕೆಳಗಿಟ್ಟರು. ಬಯ್ಯುತ್ತಾರೆಂದುಕೊಂಡೆ, ಈ ಸಲವಾದರೂ. "ನನ್ನ ಖುಷಿ ಕಟ್ಟಿಕೊಂಡು ಏನು ಮಾಡ್ತೀಯೇ," ಎಂದು ಎದ್ದರು. "ಈಗ ಏನು ಮಾಡ್ಬೇಕು ಅಂತಾನೂ ಬರೆದಿದೆಯಾ?"

ಪುಸ್ತಕದಲ್ಲಿ ಆ ಪುಟವನ್ನು ಹುಳು ತಿಂದಿತ್ತು. ಆದರೆ ನನ್ನ ಹೊಲಿಗೆ ಮಿಷನ್ನಿಗೂ ಒಮ್ಮೆ ಇದೇ ಗತಿಯಾಗಿತ್ತು. ಮದುವೆಯಾದ ಹೊಸದರಲ್ಲಿ ಎಣ್ಣೆಯೆಂದರೆ ಎಣ್ಣೆಯೇ ಎಂದು ಹರಳೆಣ್ಣೆ ಬಿಟ್ಟು, ಮಾಗಿಯ ಬೆಳಿಗ್ಗೆ ಅದು ಕಲ್ಲಾಗಿ ಕೂತಿತ್ತು. ಆಗ ಸೀಮೆಎಣ್ಣೆ ಬಿಟ್ಟು ಬಿಟ್ಟು ಬಿಡಿಸಿಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ಈಗ ಹೇಳಿದೆ.

ದೀಪದ ಸೀಮೆಎಣ್ಣೆಯ ಡಬ್ಬಿ ತಂದೆ. ಚಕ್ರವನ್ನು ಬಿಡಿಸಿ ಹಿತ್ತಿಲಿಗೆ ಒಯ್ದೆವು. ಬಟಾಣಿ ಗಾತ್ರದ ಮುಚ್ಚಳ ತೆರೆದು, ಮಗುವಿಗೆ ಔಷಧಿ ಕುಡಿಸುವ ಒಳಲೆಯಲ್ಲಿ ಸೀಮೆಎಣ್ಣೆ ಬಿಟ್ಟು, ಮುಚ್ಚಿ, ನಮ್ಮವರು ಅಚ್ಚಿನ ಎರಡು ತುದಿ ಹಿಡಿದುಕೊಂಡರೆ ನಾನು ಚಕ್ರ ತಿರುಗಿಸುವುದು. ಮೊದಲ ಸಲ ಬಗ್ಗಿಸಿದಾಗ ಏನೂ ಬರಲಿಲ್ಲ. ಎರಡನೆಯ ಸಲ ಒಂದು ಕಪ್ಪು ಹನಿ, ಬರಲೋ ಬೇಡವೋ ಎಂದು ಯೋಚಿಸಿ ಬಿತ್ತು. ಆಮೇಲೆ ಕಾಡಿಗೆಯಂಥ ಕಪ್ಪು ನೀರು. ಏಳೆಂಟು ಸಲ ಬಿಟ್ಟು ಏಳೆಂಟು ಸಲ ಬಗ್ಗಿಸಿದೆವು. ನಮ್ಮ ತುಳಸಿಯ ಪಕ್ಕದ ಮಣ್ಣಿನಲ್ಲಿ ವರ್ಷವಿಡೀ ಏನೂ ಬೆಳೆಯಲಿಲ್ಲ, ಆ ಮಾತು ಬೇರೆ.

ನಡುವೆ ಫಿಟ್ಟರಣ್ಣನಿಗೆ ಎಚ್ಚರವಾದರೆ ಏನು ಹೇಳುವುದೆಂದು ನಮ್ಮವರು ಒಮ್ಮೆ ಒಳಗೆ ಇಣುಕಿ ಬಂದರು. "ಎರಡನೇ ಗೇರಿನಲ್ಲಿದ್ದಾರೆ," ಎಂದರು. ಇಬ್ಬರೂ ಸೆರಗು ಟವೆಲ್ಲು ಬಾಯಿಗೆ ಒತ್ತಿಕೊಂಡು ನಕ್ಕೆವು. ನಗುವಿಗೂ ಅವರಿಗೆ ಕೆಮ್ಮು ಬಂತು.

ಹನಿ ತಿಳಿಯಾಗಿ ಬೀ‍ಳತೊಡಗಿದಾಗ ನನ್ನ ಮಿಷನ್ನಿನ ಪೆಟ್ಟಿಗೆಯಿಂದ ಎಣ್ಣೆಯ ಬುಡ್ಡಿ ತಂದು, ಅದರ ಉದ್ದ ಮೂತಿಯನ್ನು ತೂತಿಗಿಟ್ಟು ಹತ್ತು ಹನಿ ಬಿಟ್ಟೆ. ಚಕ್ರವನ್ನು ಮೆಲ್ಲಗೆ ತಿರುಗಿಸಿದೆ. ಒಳಗಿನಿಂದ ಟಿಕ್ ಎಂದಿತು. ಸ್ವಲ್ಪ ತಡೆದು ಇನ್ನೊಂದು. ಆಮೇಲೆ ಟಿಕ್ ಟಿಕ್ ಟಿಕ್ ಟಿಕ್ ಎಂದು, ಗೋಡೆ ಗಡಿಯಾರಕ್ಕೆ ಅವಸರ ಬಂದ ಹಾಗೆ. ಕೊಕ್ಕೆಗಳು ಎದ್ದಿದ್ದವು.

ಸೈಕಲ್ಲಿಗೆ ಸಿಕ್ಕಿಸಿ ಪೆಡಲು ತಿರುಗಿಸಿದರೆ ಚಕ್ರ ಎಷ್ಟು ಜೋರಾಗಿ ಸುತ್ತಿತೆಂದರೆ ಅದರ ಗಾಳಿಗೆ ಪಕ್ಕದಲ್ಲಿದ್ದ ಅವರೆಯ ಸಿಪ್ಪೆ ಹಾರಿ ಫಿಟ್ಟರಣ್ಣನ ಮುಖದ ಮೇಲೆ ಬಿತ್ತು. ಎದ್ದು ಕೂತರು. ತಿರುಗುವ ಚಕ್ರವನ್ನು ನೋಡಿದರು. ಆಶ್ಚರ್ಯವೇನೂ ಪಡಲಿಲ್ಲ.

"ನೋಡಿದ್ಯೇನ್ಲಾ! ಗ್ರೀಸು ಒಳಕ್ಕೆ ಇಳ್ಕೊಳ್ಳಾಕೆ ಒಂದೆರಡು ಗಂಟೆ ಬೇಕು. ಅದಕ್ಕೇ ನಾನು ಮಲಗಿದ್ದು."

"ಹೌದು ಭಾವ," ಎಂದರು ನಮ್ಮವರು.

"ಮನೆ ತುಂಬ ಸೀಮೆಎಣ್ಣೆ ವಾಸ್ನೆ ಯಾಕೆ?"

"ದೀಪ ತುಂಬಿಸಿದೆ ಅಣ್ಣಾ," ಎಂದೆ. ಈ ಸಲ ಪೂರ್ತಿ ಕೇಳಿಸಿತು. ಕಾನ್ವೆಂಟಿನಲ್ಲಿ ಸುಳ್ಳು ಹೇಳಬಾರದೆಂದೂ ಕಲಿಸಿದ್ದರು, ಆದರೆ ಅವರು ಊಟ ಮಾಡಿ ಮಲಗಿದ ಫಿಟ್ಟರುಗಳನ್ನು ಕಂಡಿರಲಾರರು.

ಟೈರು ಟ್ಯೂಬು ಹಾಕಿ, ಗಾಳಿ ತುಂಬಿ, ಸೈಕಲ್ಲನ್ನು ಮೊದಲ ಸಲ ಕಾಲ ಮೇಲೆ ನಿಲ್ಲಿಸುವ ಹೊತ್ತಿಗೆ ಸಂಜೆಯಾಗಿತ್ತು. ಫಿಟ್ಟರಣ್ಣ ಚೀಲ ಹೆಗಲಿಗೇರಿಸಿ, ಗ್ರೀಸಿನ ಡಬ್ಬಿಯನ್ನು "ಇಟ್ಕೊ, ತಿಂಗ್ಳಿಗೊಂದ್ ಸಲ ಆಕು" ಎಂದು ನನ್ನ ಕೈಗೆ ಕೊಟ್ಟು, ನಂದಿದುರ್ಗದ ದಾರಿ ಹಿಡಿದರು. ಆ ಡಬ್ಬಿ ಬಹಳ ವರ್ಷ ನಮ್ಮ ಅಟ್ಟದ ಮೇಲೆ ಗೌರವದಿಂದ ಇತ್ತು.

ನಮ್ಮವರು ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸೈಕಲ್ಲು ಹತ್ತಿ, ನಮ್ಮ ಸಾಲಿನ ಉದ್ದಕ್ಕೂ ಹೋದರು. ಬಾಗಿಲು ಬಾಗಿಲಲ್ಲಿ ಜನ ನಿಂತು ನೋಡಿದರು. ಸಾಲಿನ ಕೊನೆಗೆ, ಗಣಿಯ ಪುಡಿಮಣ್ಣಿನ ಗುಡ್ಡದ ಪಕ್ಕ, ಏರು ಶುರುವಾಗುತ್ತದೆ. ಬೇರೆಯವರೆಲ್ಲ ಅಲ್ಲಿ ಇಳಿದು ಸೈಕಲ್ಲು ತಳ್ಳಿಕೊಂಡು ಹೋಗುತ್ತಾರೆ. ನಮ್ಮವರ ಕೈ ಗೇರಿನ ಹಿಡಿಗೆ ಹೋದದ್ದು ದೂರದಿಂದ ಕಾಣಿಸಿತು. ಇಳಿಯಲಿಲ್ಲ. ಪೆಡಲು ಪುಟಪುಟನೆ ತಿರುಗುತ್ತ, ಸೈಕಲ್ಲು ತನ್ನ ಪಾಡಿಗೆ ತಾನು ಮೆಲ್ಲಗೆ ಏರು ಹತ್ತಿತು. ತುದಿಯಲ್ಲಿ ಒಂದು ಗಳಿಗೆ ನಿಂತು, ತಿರುಗಿ ಹೊರಟು, ಇಳಿಜಾರಿನಲ್ಲಿ ಪೆಡಲು ನಿಲ್ಲಿಸಿ ಟಿಕ್ ಟಿಕ್ ಎಂದು ಬರುತ್ತಿದ್ದರು. ಕೆಮ್ಮು ಕೇಳಿಸುತ್ತದೇನೋ ಎಂದು ಕಿವಿಗೊಟ್ಟು ನಿಂತೆ. ಅಷ್ಟು ದೂರಕ್ಕೆ ಏನೂ ತಿಳಿಯುವಂತಿರಲಿಲ್ಲ.

ಪಕ್ಕದ ಮನೆಯಾಕೆ ಮೊರದಲ್ಲಿ ರಾಗಿ ಹಿಡಿದುಕೊಂಡು ಹೊರಗೆ ಬಂದಳು. ಕೇರುತ್ತಲೇ ಕೇಳಿದಳು.

"ನಾಳೆಯಿಂದ ಬಂಗಾರಪೇಟೆಗೆ ಓಡಾಡೋದಂತೆ?"

"ಹೌದು ಅಕ್ಕಾ."

"ದಿನಾನಾ?"

"ದಿನಾ."

ಅವಳು ಮೊರವನ್ನು ಒಮ್ಮೆ ತಟ್ಟಿ, ಕಲ್ಲೊಂದನ್ನು ಹೆಕ್ಕಿ ಎಸೆದು, ನಮ್ಮ ಕಡೆ ಬರುತ್ತಿದ್ದ ಸೈಕಲ್ಲನ್ನು ನೋಡಿದಳು.

"ಇಷ್ಟ್ ವರ್ಸ ನೆಳ್ಳಲ್ಲಿ ಕುಂತ್ಕೊಂಡು ಕೆಲ್ಸ ಮಾಡ್ದೋರು, ಪಾಪ," ಎಂದಳು. "ಇನ್ಮ್ಯಾಕೆ ಬಿಸ್ಲಿಗೆ ಕರ್ರಗಾಗೋಯ್ತಾರೆ, ನೋಡ್ತಿರು."